ಬೋಯಿಂಕ್

ಬೋಯಿಂಕ್ ಎಂಬುದು ಸ್ವಯಂಸೇವಕರ ಕಂಪ್ಯೂಟರುಗಳ ಬಿಡುವಿನ ಸಾಮರ್ಥ್ಯವನ್ನು ವೈಜ್ಞಾನಿಕ ಲೆಕ್ಕಾಚಾರಗಳಿಗೆ ಬಳಸಿಕೊಳ್ಳುವ ಮುಕ್ತ ತಂತ್ರಾಂಶ. ಇದರ ಅಭಿವೃದ್ಧಿಯು ಅಮೆರಿಕದ ಬರ್ಕ್ಲಿಯಲ್ಲಿರುವ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ಡೇವಿಡ್ ಆಂಡರ್ಸನ್ ಅವರ ನೇತೃತ್ವದಲ್ಲಿ 2002ರಲ್ಲಿ ಆರಂಭವಾಯಿತು. ಭೂಮಿಯಾಚೆಯ ಬುದ್ಧಿಜೀವಿಗಳ ಸಂಕೇತಗಳನ್ನು ಹುಡುಕಲು 1999ರಲ್ಲಿ ಪ್ರಾರಂಭವಾದ ಸೆಟಿ ಅಟ್ ಹೋಮ್ ಯೋಜನೆಯ ಅನುಭವವೇ ಇದಕ್ಕೆ ತಳಹದಿ.

ಸಂಪರ್ಕದ ವಿಧಾನ

ಸ್ವಯಂಸೇವಕರು ಕ್ಲೈಂಟ್ ತಂತ್ರಾಂಶವನ್ನು ತಮ್ಮ ಕಂಪ್ಯೂಟರಿನಲ್ಲಿ ಅಳವಡಿಸಿ, ತಾವು ಆರಿಸಿದ ಯೋಜನೆಯ ಜಾಲವಿಳಾಸವನ್ನೂ ಖಾತೆಯ ವಿವರವನ್ನೂ ನೀಡುತ್ತಾರೆ. ಸಂಪರ್ಕವನ್ನು ಯಾವಾಗಲೂ ಕ್ಲೈಂಟ್ ಆರಂಭಿಸುತ್ತದೆಯೇ ಹೊರತು ಸರ್ವರ್ ಅಲ್ಲ. ಜಾಲತಾಣಗಳು ಬಳಸುವ ಎಚ್‌ಟಿಟಿಪಿ ವಿಧಾನವನ್ನೇ ಇದೂ ಬಳಸುವುದರಿಂದ ಫೈರ್‌ವಾಲ್ ಸಾಮಾನ್ಯವಾಗಿ ಅಡ್ಡಿಯಾಗದು.

ಕ್ಲೈಂಟ್ ತನ್ನ ಯಂತ್ರದ ಸಾಮರ್ಥ್ಯವನ್ನು ತಿಳಿಸಿ ಕೆಲಸ ಕೇಳುತ್ತದೆ. ಸರ್ವರಿನಲ್ಲಿ ಕೆಲಸ ಹಂಚುವ ಭಾಗವಾದ ಷೆಡ್ಯೂಲರ್ ತಕ್ಕ ಕೆಲಸವನ್ನು ಗಡುವಿನೊಂದಿಗೆ ಒಪ್ಪಿಸುತ್ತದೆ. ಕಡತಗಳನ್ನು ಇಳಿಸಿಕೊಂಡ ಮೇಲೆ ಅಂತರಜಾಲ ಕಡಿದರೂ ಲೆಕ್ಕಾಚಾರ ಮುಂದುವರಿಯುತ್ತದೆ. ಫಲಿತಾಂಶ ಗಡುವಿನೊಳಗೆ ಬಾರದಿದ್ದರೆ ಅದೇ ಕೆಲಸವನ್ನು ಬೇರೊಂದು ಕಂಪ್ಯೂಟರಿಗೆ ವಹಿಸಲಾಗುತ್ತದೆ. ಸರ್ವರ್ ಸ್ಥಗಿತಗೊಂಡಾಗ ಕ್ಲೈಂಟ್‌ಗಳು ಹೆಚ್ಚುತ್ತ ಹೋಗುವ, ಅನಿಯತ ಅಂತರಗಳಲ್ಲಿ ಮರಳಿ ಪ್ರಯತ್ನಿಸುತ್ತವೆ. ಇಲ್ಲವಾದರೆ ಸರ್ವರ್ ಚೇತರಿಸಿಕೊಂಡ ಕ್ಷಣದಲ್ಲೇ ಎಲ್ಲ ಕೋರಿಕೆಗಳೂ ಒಮ್ಮೆಲೇ ಬಂದು ಅದು ಪುನಃ ಸ್ಥಗಿತಗೊಳ್ಳಬಹುದು.

ಪರಸ್ಪರ ವಿಶ್ವಾಸ

ಯೋಜನೆ ನಡೆಸುವವರಿಗೂ ಸ್ವಯಂಸೇವಕರಿಗೂ ಸಾಮಾನ್ಯವಾಗಿ ಪರಿಚಯವಿರುವುದಿಲ್ಲ. ಆದ್ದರಿಂದ ರಕ್ಷಣೆ ಎರಡೂ ಕಡೆಗೆ ಅಗತ್ಯ. ಯೋಜನೆಯು ಕಳುಹಿಸುವ ಪ್ರೋಗ್ರಾಮುಗಳಿಗೆ ಡಿಜಿಟಲ್ ಸಹಿ ಇರುತ್ತದೆ. ಸಹಿ ತಾಳೆಯಾಗದ ಪ್ರೋಗ್ರಾಮನ್ನು ಕ್ಲೈಂಟ್ ಚಲಾಯಿಸುವುದಿಲ್ಲ. ಸಹಿಯ ಗುಪ್ತಕೀಲಿಯನ್ನು ಜಾಲಕ್ಕೆ ಸೇರದ ಕಂಪ್ಯೂಟರಿನಲ್ಲಿಟ್ಟರೆ, ಸರ್ವರಿಗೆ ನುಸುಳಿದವರೂ ಸ್ವಯಂಸೇವಕರಿಗೆ ಕೆಡುಕಿನ ಪ್ರೋಗ್ರಾಮನ್ನು ಹಂಚಲಾರರು. ಇತ್ತ, ಫಲಿತಾಂಶದ ಖಚಿತತೆಗಾಗಿ ಅನೇಕ ಯೋಜನೆಗಳು ಒಂದೇ ಕೆಲಸವನ್ನು ಬೇರೆ ಬೇರೆ ಕಂಪ್ಯೂಟರುಗಳಿಗೆ ನೀಡಿ, ಉತ್ತರಗಳು ಹೊಂದಿಕೆಯಾದಾಗ ಮಾತ್ರ ಅಂಗೀಕರಿಸುತ್ತವೆ.