ಪಿಯಾನೊ ನುಡಿಸಿದವರು ಯಾರು?

ಕನ್ನಡ ಪಾಠ ಹೇಳಿ ಹೊಟ್ಟೆ ಹೊರೆಯುವವನಿಗೆ ಅಮೆರಿಕದ ರಾಕ್ ಅಂಡ್ ರೋಲ್ ಸಂಗೀತದ ಗೊಡವೆ ಏಕೆ ಎಂದು ಓದುಗರು ಕೇಳಿದರೆ ತಪ್ಪಿಲ್ಲ. ನನ್ನ ಸಮಾಧಾನ ಇಷ್ಟೆ. ‘ಕವಿರಾಜಮಾರ್ಗ’ವನ್ನು ರಚಿಸಿದವನು ನೃಪತುಂಗನೋ ಶ್ರೀವಿಜಯನೋ ಎಂಬ ವಾದವನ್ನು ವರ್ಷವರ್ಷವೂ ತರಗತಿಯಲ್ಲಿ ಬಿಡಿಸಿ ಹೇಳುವುದು ನನ್ನ ಕಸುಬು. ಅದು ಒಂಬತ್ತನೆಯ ಶತಮಾನದ ಗ್ರಂಥ. ಓಲೆಯಿಂದ ಓಲೆಗೆ ನಕಲಾಗಿ ನಮ್ಮವರೆಗೆ ಬಂದದ್ದು. ಕರ್ತೃವಿನ ಮುಖ ಮಸುಕಾಗಿದ್ದರೆ ಆಶ್ಚರ್ಯವಿಲ್ಲ. ಆದರೆ ಮೊನ್ನೆಮೊನ್ನೆ ಎನ್ನಬಹುದಾದ 1950ರ ದಶಕದಲ್ಲಿ, ಟೇಪು ತಿರುಗುತ್ತಿರುವಾಗ, ಕೂಲಿಯ ಲೆಕ್ಕ ಬರೆಯುವವರು ಪಕ್ಕದಲ್ಲೇ ಇರುವಾಗ ನಡೆದ ಕೆಲಸದಲ್ಲೂ ಕರ್ತೃ ಮರೆಯಾಗುವುದೆಂದರೆ ಏನು? ಈ ಸೋಜಿಗವೇ ನನ್ನನ್ನು ಇತ್ತ ಎಳೆದದ್ದು.

1977ರಲ್ಲಿ ಅಮೆರಿಕದವರು ವಾಯೇಜರ್ ಎಂಬ ಎರಡು ಗಗನನೌಕೆಗಳನ್ನು ಹಾರಿಸಿದರು. ಒಂದೊಂದರಲ್ಲೂ ಚಿನ್ನದ ಲೇಪವಿರುವ ತಾಮ್ರದ ಗ್ರಾಮಫೋನ್ ತಟ್ಟೆ. ಎಂದಾದರೂ ಯಾರಾದರೂ ಅದನ್ನು ಕೈಗೆತ್ತಿಕೊಂಡರೆ ಭೂಲೋಕದವರು ಹೀಗೆ ಹಾಡುತ್ತಿದ್ದರು ಎಂದು ತಿಳಿಯಲಿ ಎಂಬ ಆಸೆ. ಅದರಲ್ಲಿ ಬಾಖ್ ಇದ್ದಾನೆ, ಬೀಥೋವನ್ ಇದ್ದಾನೆ. ನಮ್ಮ ನೆರೆಯ ಗೋವೆಯಲ್ಲಿ ಹುಟ್ಟಿದ ಕೇಸರಬಾಯಿ ಕೇರ್ಕರ್ ಅವರ ‘ಜಾತ್ ಕಹಾಂ ಹೋ’ ಇದೆ. ಚಕ್ ಬೆರಿಯ ‘ಜಾನಿ ಬಿ. ಗುಡ್’ ಕೂಡ ಇದೆ. 1958ರಲ್ಲಿ ಹೊರಬಂದ ಆ ಹಾಡು ಮೂರು ನಿಮಿಷವೂ ಇಲ್ಲ. ಗಿಟಾರಿನ ಬೆನ್ನಿಗೆ ಬಿಡುವಿಲ್ಲದೆ ಒಂದು ಪಿಯಾನೊ ನುಡಿಯುತ್ತದೆ. ಮೊದಲನೆಯ ನೌಕೆ 2012ರಲ್ಲೇ ನಕ್ಷತ್ರಗಳ ನಡುವಣ ಬಯಲಿಗೆ ದಾಟಿಹೋಯಿತು. ಅಷ್ಟು ದೂರ ಹೋದ ಹಾಡಿನಲ್ಲಿ ಪಿಯಾನೊ ನುಡಿಸಿದವನು ಜಾನಿ ಜಾನ್ಸನ್ನನೋ ಲಫಾಯೆಟ್ ಲೀಕನೋ ಎಂಬುದು ಭೂಮಿಯ ಮೇಲೆ ಇನ್ನೂ ಇತ್ಯರ್ಥವಾಗಿಲ್ಲ.

ಕರ್ನಾಟಕ ಸಂಗೀತದ ಕಚೇರಿಗಳಲ್ಲಿ ಕುಳಿತು ರೂಢಿಯಾದ ನಮಗೆ ಇದು ವಿಚಿತ್ರವಾಗಿ ಕಾಣುತ್ತದೆ. ನಮ್ಮಲ್ಲಿ ಆಹ್ವಾನಪತ್ರಿಕೆಯಲ್ಲೇ ಪಿಟೀಲು ಯಾರು, ಮೃದಂಗ ಯಾರು, ಘಟ ಯಾರು ಎಂದು ಅಚ್ಚಾಗಿರುತ್ತದೆ. ಆಕಾಶವಾಣಿಯವರು ಹಾಡಿಕೆಯ ಜೊತೆಗೆ ಪಕ್ಕವಾದ್ಯದವರ ಹೆಸರನ್ನೂ ಹೇಳುತ್ತಾರೆ. ಗ್ರಾಮಫೋನಿನ ಸಂಪ್ರದಾಯವೇ ಬೇರೆ. 1902ರಲ್ಲಿ ಕಲ್ಕತ್ತೆಯಲ್ಲಿ ಗೌಹರ್ ಜಾನ್ ಹಾಡಿ, ಕೊನೆಯಲ್ಲಿ ತಮ್ಮ ಹೆಸರನ್ನು ತಾವೇ ಇಂಗ್ಲಿಷಿನಲ್ಲಿ ಕೂಗಿ ಹೇಳಿದರು. ಜರ್ಮನಿಯಲ್ಲಿ ತಟ್ಟೆ ಅಚ್ಚು ಹಾಕುವವರಿಗೆ ಯಾವ ಚೀಟಿ ಅಂಟಿಸಬೇಕೆಂಬುದು ತಿಳಿಯಬೇಕಾಗಿತ್ತು, ಅಷ್ಟೆ. (ಆಕೆ ಕೊನೆಗಾಲಕ್ಕೆ ಮೈಸೂರರಮನೆಯ ಆಶ್ರಯಕ್ಕೆ ಬಂದು, 1930ರಲ್ಲಿ ಮೈಸೂರಿನಲ್ಲೇ ತೀರಿಕೊಂಡರು. ನಮ್ಮ ಊರಿನವರಲ್ಲೇ ಎಷ್ಟು ಮಂದಿಗೆ ಇದು ನೆನಪಿದೆಯೋ!) ಹಿಂದೆ ಕುಳಿತು ನುಡಿಸಿದವರು ಹೆಸರು ಕೂಗಲಿಲ್ಲ, ಕೂಗೆಂದು ಅವರನ್ನು ಯಾರೂ ಕೇಳಿದಂತಿಲ್ಲ.

ಅರ್ಧ ಶತಮಾನ ಕಳೆದ ಮೇಲೂ ಅಮೆರಿಕದ ತಟ್ಟೆಗಳಲ್ಲಿ ಅದೇ ಪದ್ಧತಿ. ನಡುವಿನ ಅಂಗೈಯಗಲದ ಚೀಟಿಯಲ್ಲಿ ಕಂಪೆನಿಯ ಹೆಸರು, ಹಾಡಿನ ಹೆಸರು, ಅದನ್ನು ಬರೆದವನ ಹೆಸರು, ಹಾಡಿದವನ ಹೆಸರು. ಜಾಗ ಸಾಲದೆಂಬುದೊಂದೇ ಕಾರಣವಲ್ಲ. ಹಾಡಿದವನಿಗೆ ಮಾರಾಟದಲ್ಲಿ ಪಾಲಿನ ಮಾತಿತ್ತು. ಬರೆದವನಿಗೆ ತಟ್ಟೆಗೆ ಇಷ್ಟೆಂದು ಗೌರವಧನ ಸಲ್ಲಬೇಕಾಗಿತ್ತು. ವಾದ್ಯ ನುಡಿಸಿದವನಿಗೆ ಕೆಲವು ಗಂಟೆಗಳ ಕೂಲಿ. ಕೂಲಿ ಎಣಿಸಿಕೊಂಡು ಮನೆಗೆ ಹೋದವನ ಹೆಸರಿನಿಂದ ಕಂಪೆನಿಗೆ ಆಗಬೇಕಾದ್ದೇನು? ಆದುದರಿಂದ ಅಲ್ಲಿ ಹೆಸರು ಕಳೆದುಹೋಗುವುದೆಂದರೆ ಕೀರ್ತಿ ಕಳೆದುಹೋಗುವುದಷ್ಟೇ ಅಲ್ಲ, ಅನ್ನ ಕಳೆದುಹೋಗುವುದು ಎಂದೂ ಅರ್ಥ.

ಚೀಟಿಯ ಮೇಲಿರುವ ಹೆಸರನ್ನಾದರೂ ನಂಬಬಹುದೆ? ರಾಕ್ ಅಂಡ್ ರೋಲಿನ ಮೊದಲ ತಟ್ಟೆ ಎಂದು ಹಲವರು ತೋರಿಸುವುದು ‘ರಾಕೆಟ್ 88’ ಎಂಬುದನ್ನು. 1951ರ ಮಾರ್ಚಿಯಲ್ಲಿ ಮೆಂಫಿಸ್ ಪಟ್ಟಣದಲ್ಲಿ ಸ್ಯಾಮ್ ಫಿಲಿಪ್ಸ್ ಅದನ್ನು ಮುದ್ರಿಸಿಕೊಂಡ. ಷಿಕಾಗೊದ ಚೆಸ್ ಕಂಪೆನಿ ಹೊರತಂದಿತು. ಚೀಟಿಯ ಮೇಲೆ ಜಾಕಿ ಬ್ರೆನ್‌ಸ್ಟನ್ ಮತ್ತು ಅವನ ಡೆಲ್ಟ ಕ್ಯಾಟ್ಸ್ ಎಂದಿದೆ. ಅಂಥ ಮೇಳವೇ ಇರಲಿಲ್ಲ! ನುಡಿಸಿದ್ದು ಐಕ್ ಟರ್ನರನ ಕಿಂಗ್ಸ್ ಆಫ್ ರಿದಮ್; ಬ್ರೆನ್‌ಸ್ಟನ್ ಆ ಮೇಳದಲ್ಲಿ ಸ್ಯಾಕ್ಸೊಫೋನ್ ಊದುತ್ತಿದ್ದವನು, ಆ ದಿನ ಹಾಡಿದ. ಪಿಯಾನೊ ಟರ್ನರನದು. ಗಿಟಾರ್ ಹಿಡಿದಿದ್ದ ವಿಲ್ಲಿ ಕಿಜಾರ್ಟನ ಆಂಪ್ಲಿಫಯರು ದಾರಿಯಲ್ಲಿ ಕೆಟ್ಟು, ಒಡೆದ ಶಂಕುವಿಗೆ ಕಾಗದ ತುರುಕಿ ನುಡಿಸಿದನಂತೆ. ಅದರಿಂದ ಹೊರಟ ಗೊಗ್ಗರು ದನಿಯನ್ನು ಮುಂದೆ ಜಗತ್ತಿನ ಗಿಟಾರಿಗರು ಬೇಕೆಂದೇ ಹುಡುಕಿಕೊಂಡು ಹೋದರು. ಆಂಪ್ಲಿಫಯರು ಕಾರಿನಿಂದ ಬಿದ್ದಿತೆಂದು ಒಂದು ಕಥೆ, ಮಳೆಯಲ್ಲಿ ನೆನೆಯಿತೆಂದು ಇನ್ನೊಂದು. ತಟ್ಟೆ ಆ ವರ್ಷ ಕರಿಯರ ಸಂಗೀತದ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೇರಿತು. ತನ್ನ ಮೇಳದ ಹೆಸರು ಹೀಗೆ ಅಳಿಸಿಹೋದುದನ್ನು ಟರ್ನರ್ ಕೊನೆಯವರೆಗೂ ಮರೆಯಲಿಲ್ಲ.

ಇನ್ನು, ಜಗತ್ತೆಲ್ಲ ಕೇಳಿದ ‘ರಾಕ್ ಅರೌಂಡ್ ದ ಕ್ಲಾಕ್’. ಬಿಲ್ ಹೇಲಿ ಮತ್ತು ಅವನ ಕಾಮೆಟ್ಸ್ ಅದನ್ನು ನ್ಯೂಯಾರ್ಕಿನಲ್ಲಿ 1954ರ ಏಪ್ರಿಲ್ 12ರಂದು ಮುದ್ರಿಸಿದರು. ನಡುವೆ ಬರುವ ಮಿಂಚಿನಂಥ ಗಿಟಾರ್ ಡ್ಯಾನಿ ಸೆಡ್ರೋನನದು. ಅವನು ಕಾಮೆಟ್ಸ್ ಮೇಳದವನಲ್ಲ, ಕೂಲಿಗೆ ಬಂದವನು. ಅವನಿಗೆ ಕೊಟ್ಟದ್ದು 21 ಡಾಲರ್ ಎನ್ನುತ್ತಾರೆ. 1952ರಲ್ಲಿ ಹೇಲಿಯ ಇನ್ನೊಂದು ಹಾಡಿಗೆ ತಾನೇ ನುಡಿಸಿದ್ದ ವರಸೆಯನ್ನು ಇಲ್ಲಿ ಮತ್ತೆ ನುಡಿಸಿದ. ಡ್ರಮ್ ಬಾರಿಸಿದ ಬಿಲ್ಲಿ ಗುಸಾಕನೂ ಹೊರಗಿನವನೇ. ಮೇಳದ ಸ್ವಂತ ಡ್ರಮ್ಮರ್ ಬೇರೆ ಇದ್ದ. ಆ ವರ್ಷ ತಟ್ಟೆ ಅಷ್ಟೇನೂ ಓಡಲಿಲ್ಲ. ಜೂನ್ ತಿಂಗಳಲ್ಲಿ ಸೆಡ್ರೋನ್ ಮೆಟ್ಟಿಲಿನಿಂದ ಬಿದ್ದು ಸತ್ತ, ಮೂವತ್ತನಾಲ್ಕು ತುಂಬಿರಲಿಲ್ಲ. ಮರುವರ್ಷ ‘ಬ್ಲ್ಯಾಕ್‌ಬೋರ್ಡ್ ಜಂಗಲ್’ ಚಿತ್ರದಲ್ಲಿ ಈ ಹಾಡು ಬಂದು ಊರೂರು ಹುಚ್ಚೆದ್ದಿತು. 1956ರಲ್ಲಿ ಹಾಡಿನ ಹೆಸರಿನದೇ ಚಿತ್ರ ತೆರೆಗೆ ಬರುವ ಹೊತ್ತಿಗೆ ಕಾಮೆಟ್ಸ್ ಮೇಳದಲ್ಲಿ ಗಿಟಾರ್ ಫ್ರಾನಿ ಬೀಚರನ ಕೈಯಲ್ಲಿತ್ತು. ಡ್ರಮ್ಮಿಗೆ, ಬೇಸಿಗೆ, ಸ್ಯಾಕ್ಸೊಫೋನಿಗೆ ಕೂಡ ತಟ್ಟೆಯಲ್ಲಿದ್ದವರಲ್ಲದ ಬೇರೆಯವರು ಬಂದಿದ್ದರು. ಹೀಗೆ ಜನ ಕಂಡ ಮೇಳ ಒಂದು, ಕೇಳಿದ ಮೇಳ ಇನ್ನೊಂದು. ಬೆಳ್ಳಿತೆರೆಯನ್ನು ಆಧಾರವಾಗಿಟ್ಟುಕೊಂಡು ಚರಿತ್ರೆ ಬರೆದರೆ ಸೆಡ್ರೋನ್ ಹುಟ್ಟಲೇ ಇಲ್ಲ ಎಂದಾಗುತ್ತಿತ್ತು. ಅವನ ಹೆಸರು ಉಳಿದದ್ದು ಮೇಳದವರ ನೆನಪಿನಿಂದ, ಬೆನ್ನುಹತ್ತಿ ವಿಚಾರಿಸಿದ ಕೆಲವು ಸಂಗ್ರಾಹಕರಿಂದ.

ಈ ಸಂಗ್ರಾಹಕರು ನಮ್ಮ ಹಸ್ತಪ್ರತಿ ಪಂಡಿತರ ಅಣ್ಣತಮ್ಮಂದಿರು. ಅವರಿಗಿರುವ ಆಧಾರಗಳನ್ನು ನೋಡಿದರೆ ನಗು ಬರುತ್ತದೆ, ಅಷ್ಟು ಪರಿಚಿತ. ಮೊದಲನೆಯದು ಕಾಗದ: ಸಂಗೀತಗಾರರ ಒಕ್ಕೂಟಕ್ಕೆ ಸಲ್ಲಿಸುತ್ತಿದ್ದ ಒಪ್ಪಂದದ ಹಾಳೆ. ಯಾರು ಬಂದಿದ್ದರು, ಎಷ್ಟು ಕೊಟ್ಟರು ಎಂದು ಅದರಲ್ಲಿರುತ್ತದೆ. ಆದರೆ ಸಣ್ಣ ಕಂಪೆನಿಗಳು ಹಾಳೆಯನ್ನೇ ಸಲ್ಲಿಸದೆ ಇದ್ದದ್ದುಂಟು. ಸಲ್ಲಿಸಿದ ಹಾಳೆ ದುಡ್ಡಿನ ಲೆಕ್ಕವೇ ಹೊರತು ಸಂಗೀತದ ಲೆಕ್ಕವಲ್ಲ. ಎರಡನೆಯದು ನೆನಪು. ದಿನಕ್ಕೆ ನಾಲ್ಕು ಹಾಡು ನುಡಿಸಿ ಹೋದವನನ್ನು ಮೂವತ್ತು ವರ್ಷದ ಮೇಲೆ ಹಿಡಿದು ಕೇಳಿದರೆ ಅವನೇನು ಹೇಳಬೇಕು? ಆಗ ಅವನಿಗೆ ಅದು ಒಂದು ಮಂಗಳವಾರದ ಕೂಲಿ. ಮೂರನೆಯದು ಕಿವಿ. ಇದು ಇಂಥವನ ಕೈವರಸೆ ಎಂದು ಬಲ್ಲವರು ಹೇಳುತ್ತಾರೆ. ಶೈಲಿಯನ್ನು ನೋಡಿ ಕಾವ್ಯದ ಕರ್ತೃವನ್ನು ಹೇಳುವ ನಮ್ಮ ವಿಮರ್ಶಕರ ಹಾಗೆ. ಆಗಿನ ಮುದ್ರಣದಲ್ಲಿ ಎಲ್ಲ ದನಿಗಳೂ ಒಂದೇ ಪಟ್ಟಿಯೊಳಗೆ ಬೆರೆತುಹೋಗುತ್ತಿದ್ದವು. ಈಚೆಗೆ ಗಣಕಯಂತ್ರದಿಂದ ಪಿಯಾನೊ ಬೇರೆ, ಡ್ರಮ್ ಬೇರೆ ಎಂದು ಹೆಕ್ಕಿ ಕೇಳುವ ಉಪಾಯ ಬಂದಿದೆ. ದನಿ ಬೇರೆಯಾಗುತ್ತದೆ, ನಿಜ. ಅದಕ್ಕೆ ಹೆಸರು ಅಂಟಿರುವುದಿಲ್ಲವಲ್ಲ!

ಎಲ್ಲೆಡೆಯೂ ಇಷ್ಟು ಕತ್ತಲೆಯಿಲ್ಲ. ನ್ಯೂ ಆರ್ಲಿಯನ್ಸಿನಲ್ಲಿ ಕೊಸಿಮೊ ಮಟಾಸ ಎಂಬವನ ಪುಟ್ಟ ಮುದ್ರಣಶಾಲೆಯಿತ್ತು. 1949ರಲ್ಲಿ ಫ್ಯಾಟ್ಸ್ ಡಾಮಿನೊ ತನ್ನ ಮೊದಲ ತಟ್ಟೆ ಮಾಡಿದ್ದು, 1955ರ ಸೆಪ್ಟೆಂಬರಿನಲ್ಲಿ ಲಿಟಲ್ ರಿಚರ್ಡ್ ‘ಟೂಟಿ ಫ್ರೂಟಿ’ ಹಾಡಿದ್ದು ಎರಡೂ ಅಲ್ಲೇ. ಹಾಡುಗಾರರು ಬದಲಾದರೂ ಹಿಂದಿನ ಬಳಗ ಬಹುಮಟ್ಟಿಗೆ ಒಂದೇ; ಅರ್ಲ್ ಪಾಮರನ ಡ್ರಮ್ಮು, ಲೀ ಅಲೆನ್ ಮತ್ತು ರೆಡ್ ಟೈಲರರ ಸ್ಯಾಕ್ಸೊಫೋನು. ರಿಚರ್ಡನ ಬಲಗೈ ಪಿಯಾನೊದ ಮೇಲೆ ಸಮಸಮವಾಗಿ ಕುಟ್ಟುತ್ತಿದ್ದುದಕ್ಕೆ ಹೊಂದಿಸಲು ತಾನು ಹಳೆಯ ಓಲಾಟದ ನಡೆ ಬಿಟ್ಟು ನೇರ ನಡೆಗೆ ಬಂದೆನೆಂದು ಪಾಮರ್ ಹೇಳಿಕೊಂಡಿದ್ದಾನೆ. ಆ ನೇರ ನಡೆಯೇ ರಾಕಿನ ನಡೆಯಾಯಿತು. ಇವನ ಹೆಸರು ತಿಳಿಯದಿದ್ದರೆ ಒಂದು ತಾಳದ ಚರಿತ್ರೆಯೇ ತಿಳಿಯುತ್ತಿರಲಿಲ್ಲ.

ಮೆಂಫಿಸಿನಲ್ಲಿ ಅಷ್ಟು ಸುಲಭವಲ್ಲ. ಎಲ್ವಿಸ್ ಪ್ರೆಸ್ಲಿ 1954ರಲ್ಲಿ ಸನ್ ಕಂಪೆನಿಗೆ ಮೊದಲು ಹಾಡಿದಾಗ ಡ್ರಮ್ಮೇ ಇರಲಿಲ್ಲ: ಸ್ಕಾಟಿ ಮೂರನ ಗಿಟಾರು, ಬಿಲ್ ಬ್ಲ್ಯಾಕನ ಬೇಸು, ಅಷ್ಟೆ. 1955ರ ಒಂದು ಹಾಡಿನಲ್ಲಿ ಇದ್ದಕ್ಕಿದ್ದಂತೆ ಡ್ರಮ್ ಕೇಳುತ್ತದೆ. ಬಹುಕಾಲ ಅದನ್ನು ಜಾನಿ ಬರ್ನೆರೊ ಎಂಬವನ ಲೆಕ್ಕಕ್ಕೆ ಬರೆದಿದ್ದರು. ಬರ್ನೆರೊ ಬಾರಿಸಿದ್ದು ಅದರ ನಂತರದ ಹಾಡಿನಲ್ಲಿ. ಮೊದಲು ಬಾರಿಸಿದವನು ಜಿಮ್ಮಿ ಲಾಟ್ ಎಂಬ ಹೈಸ್ಕೂಲಿನ ಹುಡುಗ ಎಂಬುದು ಆಮೇಲೆ ಗೊತ್ತಾಯಿತು.

ಇಷ್ಟೂ ಹೆಸರಿಲ್ಲದವರ ಪಾಡು ಎನ್ನೋಣ. ಹೆಸರುವಾಸಿಗಳ ಪಾಡೂ ಕೆಲವೊಮ್ಮೆ ಹೀಗೇ. 1956ರ ಡಿಸೆಂಬರ್ 4ರಂದು ಅದೇ ಸನ್ ಕಂಪೆನಿಯಲ್ಲಿ ಕಾರ್ಲ್ ಪರ್ಕಿನ್ಸನ ಮುದ್ರಣ ನಡೆದಿತ್ತು. ಪಿಯಾನೊಗೆ ಕರೆಸಿದ್ದವನು ಇನ್ನೂ ಹೆಸರಾಗದ ಜೆರಿ ಲೀ ಲೂಯಿಸ್. ಎಲ್ವಿಸ್ ಸುಮ್ಮನೆ ನೋಡಿಹೋಗಲು ಬಂದ. ಜಾನಿ ಕ್ಯಾಷ್ ಕೂಡ ಅಲ್ಲಿದ್ದ. ಹಾಡು, ಹರಟೆ, ಭಜನೆಗಳೆಲ್ಲ ನಡೆದುವು, ಟೇಪು ತಿರುಗಿತು. ನಾಲ್ವರೂ ಪಿಯಾನೊ ಸುತ್ತ ಇರುವ ಚಿತ್ರ ಪತ್ರಿಕೆಯಲ್ಲಿ ಬಂದಿತು. ಆದರೆ ಟೇಪಿನಲ್ಲಿ ಕ್ಯಾಷನ ದನಿ ಎಲ್ಲಿ? ಹಲವರಿಗೆ ಕೇಳಿಸಲೇ ಇಲ್ಲ. ತಾನು ಮೊದಲು ಬಂದವನು, ಕೊನೆಗೆ ಹೋದವನು, ಮೈಕಿಗೆ ದೂರವಿದ್ದೆ, ಎಲ್ವಿಸನಿಗೆ ಹೊಂದಲೆಂದು ಎತ್ತರದ ಶ್ರುತಿಯಲ್ಲಿ ಹಾಡಿದೆ, ಅದಕ್ಕೇ ಗುರುತು ಸಿಕ್ಕುತ್ತಿಲ್ಲ ಎಂದು ಕ್ಯಾಷ್ ತನ್ನ ಆತ್ಮಕಥೆಯಲ್ಲಿ ವಾದಿಸಬೇಕಾಯಿತು. ಜಗತ್ತು ಬಲ್ಲ ದನಿಯ ಒಡೆಯ ತಾನು ಅಲ್ಲಿದ್ದೆನೆಂದು ಸಾಕ್ಷಿ ಹೇಳಬೇಕಾಗಿ ಬಂದರೆ ಕೂಲಿಯ ಪಿಯಾನೊದವನ ಮಾತೇನು!

ಆ ಪಿಯಾನೊದವನ ಕಡೆಗೆ ಬರೋಣ. ಜಾನಿ ಜಾನ್ಸನ್ 1924ರಲ್ಲಿ ಪಶ್ಚಿಮ ವರ್ಜೀನಿಯದಲ್ಲಿ ಹುಟ್ಟಿದವನು. ಸೇಂಟ್ ಲೂಯಿಸ್ ಪಟ್ಟಣದಲ್ಲಿ ಮೂವರ ಮೇಳವೊಂದಕ್ಕೆ ಅವನೇ ಯಜಮಾನ. 1952ರ ಕೊನೆಯ ರಾತ್ರಿ, ಹೊಸ ವರ್ಷದ ಕಚೇರಿಗೆ ಮುನ್ನ ಸ್ಯಾಕ್ಸೊಫೋನಿನವನು ಕಾಯಿಲೆ ಬಿದ್ದ. ಒಂದು ರಾತ್ರಿಯ ಮಟ್ಟಿಗೆ ಜಾನ್ಸನ್ ಕರೆಸಿಕೊಂಡ ಗಿಟಾರಿಗನೇ ಚಕ್ ಬೆರಿ. ಬೆರಿಗೆ ಮಾತು ಬಲ್ಲ ನಾಲಿಗೆ, ಜನರನ್ನು ಹಿಡಿಯುವ ಚಾಕಚಕ್ಯ, ಜಾನ್ಸನ್ ಮಿತಭಾಷಿ. ಸ್ವಲ್ಪ ಕಾಲದಲ್ಲಿ ಯಜಮಾನಿಕೆ ಕೈಬದಲಾಯಿತು. 1955ರಲ್ಲಿ ಷಿಕಾಗೊದಲ್ಲಿ ‘ಮೇಬಲೀನ್’ ಮುದ್ರಿತವಾಯಿತು. ಪಿಯಾನೊ ಜಾನ್ಸನ್ನನದು, ಚೀಟಿಯ ಮೇಲಿನ ಹೆಸರು ಬೆರಿಯದು. ಬೆರಿ ಮಾತುಗಳನ್ನು ತರುತ್ತಿದ್ದ, ಮಟ್ಟನ್ನು ತಾವಿಬ್ಬರೂ ಪಿಯಾನೊ ಮುಂದೆ ಕುಳಿತು ಕಟ್ಟುತ್ತಿದ್ದೆವು ಎಂಬುದು ಜಾನ್ಸನ್ ಮುಂದೆ ಹೇಳಿದ ಮಾತು. 1980ರ ದಶಕದಲ್ಲಿ ಅವನು ಸೇಂಟ್ ಲೂಯಿಸಿನಲ್ಲಿ ವೃದ್ಧರನ್ನು ಕರೆದೊಯ್ಯುವ ಬಸ್ಸು ನಡೆಸುತ್ತಿದ್ದ. 1986ರಲ್ಲಿ ಬೆರಿಯ ಅರವತ್ತರ ಸಂಭ್ರಮವನ್ನು ಚಿತ್ರವಾಗಿಸಿದಾಗ, ರೋಲಿಂಗ್ ಸ್ಟೋನ್ಸಿನ ಕೀತ್ ರಿಚರ್ಡ್ಸ್ ಅವನನ್ನು ಮತ್ತೆ ಪಿಯಾನೊ ಮುಂದೆ ಕೂರಿಸಿದ. ಬೆರಿಯ ಹಾಡುಗಳು ಗಿಟಾರಿಗೆ ಒಗ್ಗುವ ಶ್ರುತಿಗಳಲ್ಲಿಲ್ಲ, ಪಿಯಾನೊಗೆ ಒಗ್ಗುವ ಶ್ರುತಿಗಳಲ್ಲಿವೆ ಎಂದು ರಿಚರ್ಡ್ಸ್ ಗಮನಿಸಿದ್ದು ಆಗಲೇ. ಇದು ಒಳಗಿನ ಸಾಕ್ಷ್ಯ. ಕಾವ್ಯದ ಭಾಷೆಯನ್ನು ನೋಡಿ ಕವಿಯ ಸೀಮೆಯನ್ನು ಹೇಳುವ ಹಾಗೆ.

2000ದಲ್ಲಿ ಜಾನ್ಸನ್ ನ್ಯಾಯಾಲಯಕ್ಕೆ ಹೋದ. ‘ರೋಲ್ ಓವರ್ ಬೀಥೋವನ್’ ಮೊದಲಾದ 50ಕ್ಕೂ ಹೆಚ್ಚು ಹಾಡುಗಳಲ್ಲಿ ತಾನೂ ಕರ್ತೃ, ಪಾಲು ಬೇಕು ಎಂದು ಅವನ ದಾವೆ. 2002ರಲ್ಲಿ ನ್ಯಾಯಾಧೀಶರು, ತೀರಾ ಹೆಚ್ಚು ಕಾಲ ಕಳೆದಿದೆ ಎಂದು ದಾವೆಯನ್ನು ತಳ್ಳಿಹಾಕಿದರು. ಹಾಡು ಕಟ್ಟಿದವರು ಯಾರು ಎಂಬ ಪ್ರಶ್ನೆ ಹಾಗೆಯೇ ಉಳಿಯಿತು.

‘ಜಾನಿ ಬಿ. ಗುಡ್’ ವಿಷಯದಲ್ಲಿ ಕಾಗದದವರಿಗೂ ಕಿವಿಯವರಿಗೂ ಜಗಳ. ಹಾಡಿನ ಜಾನಿಗೆ ಹೆಸರು ಬಂದದ್ದು ಜಾನ್ಸನ್ನನಿಂದ ಎನ್ನುತ್ತಾರೆ. ಗುಡ್ ಎಂಬುದು ಬೆರಿ ಹುಟ್ಟಿದ ಬೀದಿಯ ಹೆಸರು. ಹೀಗಿರುವಾಗ ಪಿಯಾನೊ ಅವನದೇ ಇರಬೇಕೆಂದು ಬಯಸುವುದು ಸಹಜ. ಆದರೆ ಚೆಸ್ ಕಂಪೆನಿಯ ಹಾಡುಗಳನ್ನು ಮತ್ತೆ ಹೊರತಂದವರ ಪಟ್ಟಿಯಲ್ಲಿ ಇರುವುದು ಲಫಾಯೆಟ್ ಲೀಕ್. ಚೆಸ್ ಮುದ್ರಣಗಳಲ್ಲಿ ಪಳಗಿದ ಕೈ, 1990ರಲ್ಲಿ ತೀರಿಕೊಂಡವನು. ನನ್ನನ್ನು ಕೇಳಿದರೆ, ಇಲ್ಲಿ ಎರಡು ಪ್ರಶ್ನೆಗಳು ಒಂದಾಗಿ ಹೆಣೆದುಕೊಂಡಿವೆ. ಶ್ರೀವಿಜಯ ರಚಿಸಿದ, ನೃಪತುಂಗ ಅನುಮತಿಸಿದ ಎಂದು ನಮ್ಮ ಪಂಡಿತರು ಬಿಡಿಸಿದ ಹಾಗೆ, ಇಲ್ಲೂ ಬಿಡಿಸಬೇಕು. ಆ ದಿನ ಪಿಯಾನೊದ ಮೇಲಿದ್ದ ಬೆರಳು ಲೀಕನದೆಂಬ ಪಟ್ಟಿಗೆ ನಾನು ಬೆಲೆ ಕೊಡುತ್ತೇನೆ. ಆದರೆ ಬೆರಿಯ ಹಾಡಿನಲ್ಲಿ ಪಿಯಾನೊ ಎಲ್ಲಿ ಒಳಬರಬೇಕು, ಗಿಟಾರಿಗೆ ಹೇಗೆ ಮಾರುತ್ತರ ಕೊಡಬೇಕು ಎಂಬುದನ್ನು ಅದಕ್ಕೂ ಐದು ವರ್ಷ ಮೊದಲಿನಿಂದ ರಾತ್ರಿರಾತ್ರಿ ರೂಢಿಸಿದವನು ಜಾನ್ಸನ್. ಲೀಕ್ ನುಡಿಸಿದ್ದರೂ ಅವನು ನುಡಿಸಿದ್ದು ಜಾನ್ಸನ್ ಹಾಕಿಕೊಟ್ಟ ಹಾದಿಯಲ್ಲಿ. ಲೀಕನ ಕಡೆಯವರು ಇದನ್ನು ಒಪ್ಪದಿರಬಹುದು.

2001ರಲ್ಲಿ ರಾಕ್ ಅಂಡ್ ರೋಲ್ ಕೀರ್ತಿಮಂದಿರದವರು ಜಾನ್ಸನ್ನನನ್ನು ಪಕ್ಕವಾದ್ಯದವರ ಸಾಲಿಗೆ ಸೇರಿಸಿಕೊಂಡರು. ಅರ್ಲ್ ಪಾಮರ್ ಹಿಂದಿನ ವರ್ಷವೇ ಸೇರಿದ್ದ. ಜಾನ್ಸನ್ 2005ರಲ್ಲಿ ತೀರಿಕೊಂಡ, ಬೆರಿ 2017ರಲ್ಲಿ. ವಾಯೇಜರ್ ತಟ್ಟೆಯ ಪಟ್ಟಿಯಲ್ಲಿ ‘ಜಾನಿ ಬಿ. ಗುಡ್’ ಎದುರಿಗೆ ಚಕ್ ಬೆರಿ ಎಂದು ಮಾತ್ರ ಇದೆ. ಕೇಸರಬಾಯಿಯವರ ಹಾಡಿನ ಎದುರಿಗೂ ಅವರ ಹೆಸರೊಂದೇ.