ಬೆಟ್ಟದ ನೆಲ್ಲಿಕಾಯಿಯೂ ಕೀಲುವಾಯುವೂ



ನಂಜನಗೂಡಿನ ನಂಜುಂಡ ರೋಗ ಕಳೆಯುವ ದೇವರೆಂಬ ನಂಬಿಕೆ ಬಲು ಹಳೆಯದು. ಟಿಪ್ಪು ಸುಲ್ತಾನನ ಆನೆಯ ಕಣ್ಣು ವಾಸಿಯಾಯಿತೆಂದೂ, ಆತ ‘ಹಕೀಂ ನಂಜುಂಡ’ ಎಂದು ಕರೆದನೆಂದೂ ಹೇಳಿಕೆ ಉಂಟು. ಅದೇ ಊರಿನಲ್ಲಿ 1913ರಲ್ಲಿ ಬಿ.ವಿ. ಪಂಡಿತರು ಸದ್ವೈದ್ಯಶಾಲೆ ತೆರೆದರು. ಮದ್ದಿನ ಮಾತು ಈ ಸೀಮೆಗೆ ಹೊಸದಲ್ಲ.

ಇಲ್ಲಿಂದ ತಿರುಮಕೂಡಲು ನರಸೀಪುರದವರೆಗೆ ಯಾವ ಊರಿಗೆ ಹೋದರೂ ಒಬ್ಬಿಬ್ಬರು ತಾಯಂದಿರು, “ಬೆಳಿಗ್ಗೆ ಎದ್ರೆ ಬೆರಳು ಮಡಚಕ್ಕೇ ಆಗಲ್ಲ ಕಣಪ್ಪಾ” ಅಂತಾರೆ. ನೆಲ್ಲಿಕಾಯಿ ತಿಂದರೆ, ಸಿ ಜೀವಸತ್ವದ ಮಾತ್ರೆ ನುಂಗಿದರೆ ಇದು ಹೋದೀತೇ? ಉತ್ತರ ಬೇಕಾದರೆ ಸ್ವಲ್ಪ ಹಿಂದಕ್ಕೆ ಹೋಗಬೇಕು.

ಹಿಂದೆ ತಿಂಗಳುಗಟ್ಟಲೆ ಹಡಗಿನಲ್ಲೇ ಇರುತ್ತಿದ್ದ ನಾವಿಕರಿಗೆ ವಸಡಿನಲ್ಲಿ ರಕ್ತ ಸೋರಿ, ಕೀಲು ಊದಿ, ಪ್ರಾಣವೇ ಹೋಗುತ್ತಿತ್ತು. ಅದು ಸ್ಕರ್ವಿ ರೋಗ. 1747ರಲ್ಲಿ ಜೇಮ್ಸ್ ಲಿಂಡ್ ಎಂಬ ವೈದ್ಯ 12 ಮಂದಿ ರೋಗಿಗಳನ್ನು ಎರಡೆರಡಾಗಿ ಬೇರೆ ಮಾಡಿ ಒಂದೊಂದು ಜೋಡಿಗೆ ಒಂದೊಂದು ಪದಾರ್ಥ ಕೊಟ್ಟ. ಕಿತ್ತಳೆ, ನಿಂಬೆ ತಿಂದ ಇಬ್ಬರು ವಾರದೊಳಗೆ ಚೇತರಿಸಿಕೊಂಡರು. ಹಣ್ಣಿನೊಳಗಿನ ಆ ಸತ್ವವೇ ಸಿ ಜೀವಸತ್ವವೆಂದು ಖಚಿತವಾದದ್ದು 1932ರಲ್ಲಿ. ಹಂಗೇರಿಯ ಸೆಂಟ್ ಜಾರ್ಜಿ ಅದನ್ನು ತಮ್ಮೂರಿನ ಕೆಂಪು ಮೆಣಸಿನಕಾಯಿಯಿಂದಲೇ ರಾಶಿರಾಶಿ ತೆಗೆದರು. 1937ರಲ್ಲಿ ನೊಬೆಲ್ ಬಹುಮಾನ ಬಂತು. ನಮ್ಮ ದೇಶದಲ್ಲಿಯೂ 1939–40ರ ಹಿಸ್ಸಾರ್ ಬರಗಾಲದಲ್ಲಿ ಸ್ಕರ್ವಿ ಹಿಡಿದವರಿಗೆ ನೆಲ್ಲಿಕಾಯಿ ಕೊಟ್ಟು ಗುಣಪಡಿಸಿದರು.

ಸ್ಕರ್ವಿಯಲ್ಲೂ ಕೀಲುನೋವು, ಕೀಲುವಾಯುವಿನಲ್ಲೂ ಕೀಲುನೋವು. ಎರಡಕ್ಕೂ ಒಂದೇ ಕೊರತೆ ಇರಬಹುದೇ ಎಂದು 1930ರ ದಶಕದ ವೈದ್ಯರು ಅನುಮಾನಿಸಿದ್ದು ಸಹಜವೇ. ರೋಗಿಗಳ ರಕ್ತ ನೋಡಿದರೆ ಸಿ ಜೀವಸತ್ವ ಕಡಿಮೆಯೇ ಇತ್ತು! ಮಾತ್ರೆ ಕೊಟ್ಟರು, ರಕ್ತದಲ್ಲಿ ಅದು ಏರಿತು. ಕೀಲು ಮಾತ್ರ ವಾಸಿಯಾಗಲಿಲ್ಲ. ಉರಿಯೂತವೇ ಈ ಸತ್ವವನ್ನು ತಿಂದುಹಾಕುತ್ತದೆ. ಕೊಟ್ಟಿಗೆಯಲ್ಲಿ ಮೇವು ಖಾಲಿಯಾಗಿದೆಯೆಂದರೆ ಮೇವಿಲ್ಲದ್ದರಿಂದ ದನ ಬಂತು ಎನ್ನಲಾದೀತೇ?

ಹಾಗೆಂದು ವಿಚಾರ ಅಲ್ಲಿಗೇ ನಿಲ್ಲಲಿಲ್ಲ. 2004ರಲ್ಲಿ ಇಂಗ್ಲೆಂಡಿನ ನಾರ್ಫೋಕ್ ಸೀಮೆಯ ಸಮೀಕ್ಷೆಯೊಂದು, ಹಣ್ಣು ತರಕಾರಿ ಕಡಿಮೆ ತಿಂದು ಸಿ ಜೀವಸತ್ವ ತೀರ ಕಡಿಮೆ ಪಡೆದವರಲ್ಲಿ ಹಲವು ಕೀಲು ಊದುವ ರೋಗ ಸುಮಾರು ಮೂರು ಪಟ್ಟು ಹೆಚ್ಚೆಂದು ಹೇಳಿತು. ರೋಗ ಬಂದವರ ಸಂಖ್ಯೆ ಚಿಕ್ಕದಾದ್ದರಿಂದ ಇದನ್ನು ಸುಳಿವು ಎನ್ನಬಹುದು, ತೀರ್ಪು ಎನ್ನಲಾಗದು. ಅಂದರೆ ಬಾರದ ಹಾಗೆ ತಡೆಯಲು ಆಹಾರ ಕೊಂಚ ನೆರವಾದೀತು. ಬಂದ ರೋಗವನ್ನು ಮಾತ್ರೆ ಕಳೆಯದು.

ಎರಡೂ ಕೈಯ ಸಣ್ಣ ಕೀಲು ಊದಿ, ಬೆಳಗಿನ ಬಿಗಿತ ಗಂಟೆ ಹೊತ್ತು ಬಿಡದೆ, ವಾರಗಟ್ಟಲೆ ಹಾಗೇ ಇದ್ದರೆ ಅದು ಬರೀ ನಾಟಿಯ ಆಯಾಸವಲ್ಲ. ದೇಹದ ಕಾವಲು ಪಡೆಯೇ ಕೀಲಿನ ಒಳಪೊರೆಯ ಮೇಲೆ ಬಿದ್ದಿದೆ. ಮೊದಮೊದಲ ತಿಂಗಳುಗಳಲ್ಲೇ ಆಸ್ಪತ್ರೆಯ ಔಷಧಿ ಶುರುವಾದರೆ ಬೆರಳು ಸೊಟ್ಟಗಾಗದಂತೆ ಉಳಿಸಿಕೊಳ್ಳಬಹುದು. ಸಂತೆಯಲ್ಲಿ ಸಿಗುವ ಹೆಸರಿಲ್ಲದ ಪುಡಿಯಲ್ಲಿ ಸ್ಟಿರಾಯ್ಡ್ ಬೆರೆತಿರಬಹುದು. ನೋವು ಅಡಗುತ್ತೆ, ಒಳಗೆ ಮೂಳೆ ಸವೆಯುತ್ತೆ.

ಇನ್ನು ಊಟದ ಮಾತು. ದೊಡ್ಡವರಿಗೆ ದಿನಕ್ಕೆ ಬೇಕಾದದ್ದು 65ರಿಂದ 80 ಮಿಲಿಗ್ರಾಂ. ಒಂದು ಸೀಬೆಹಣ್ಣು ಸಾಕು, ಇಲ್ಲವೇ ಒಂದು ಬೆಟ್ಟದ ನೆಲ್ಲಿಕಾಯಿ. ನಮ್ಮ ರಸಬಾಳೆಯಲ್ಲಿ ರುಚಿ ಇದ್ದಷ್ಟು ಈ ಸತ್ವ ಇಲ್ಲ, ಬೇಜಾರಾಗಬೇಡಿ. ನುಗ್ಗೆ ಸೊಪ್ಪಿನಲ್ಲಿ ಬೇಕಾದಷ್ಟಿದೆ. ಬೇಯಿಸಿದರೆ ಕೆಲವು ಪಾಲು ಹಾಳಾಗುತ್ತದೆ, ಕೆಲವು ಪಾಲು ನೀರಿಗೆ ಇಳಿಯುತ್ತದೆ. ಆ ನೀರನ್ನು ಚೆಲ್ಲದೆ ಬಸ್ಸಾರು ಮಾಡುವ ನಮ್ಮ ಅಜ್ಜಿಯರಿಗೆ ಜೀವಸತ್ವದ ಹೆಸರು ಗೊತ್ತಿರಲಿಲ್ಲ, ಅಷ್ಟೇ.