ರಾಜ ಕುಡಿದ್ರ ಕ್ರೀಡೆ, ಮಾರಯ್ಯ ಮಾರಿದ್ರ ಹೆಂಡ



"ನಿಮ್ಮ ಕೇರಿಯವ್ರು ದುಡಿದದ್ದೆಲ್ಲಾ ಕುಡಿದು ಹಾಳು ಮಾಡ್ತಾರ, ಇದು ಹಿಂದಿನಿಂದ ಬಂದದ್ದು." ಗದಗ-ಬೆಟಗೇರಿಯೊಳಗ ಚಹಾದಂಗಡಿಯಿಂದ ಆಫೀಸಿನ ಟೇಬಲ್ ತನಕ ಈ ಮಾತು ಕೇಳೀನಿ. ಸರಿ, ಹಿಂದಕ್ಕೇ ಹೋಗೋಣ. ಯಾರು ಕುಡೀತಿದ್ರು, ಯಾರು ಮಾರ್ತಿದ್ರು, ಹೆಸರು ಯಾರಿಗೆ ಅಂಟ್ತು, ನೋಡೋಣ.

ನಮ್ಮ ಲಕ್ಷ್ಮೇಶ್ವರದಿಂದಲೇ ಶುರು ಮಾಡ್ತೀನಿ. ಹಳೇ ಹೆಸರು ಪುಲಿಗೆರೆ. ಕ್ರಿ.ಶ. 941ರ ಸುಮಾರಿಗೆ ಪಂಪ ‘ವಿಕ್ರಮಾರ್ಜುನ ವಿಜಯ’ ಬರೆದಾಗ ತನ್ನ ಭಾಷೆ ಪುಲಿಗೆರೆಯ ತಿರುಳ್ಗನ್ನಡ ಅಂತ ಹೇಳಿಕೊಂಡ. ಈ ಮಾತು ಎಲ್ಲಾ ಉತ್ಸವದ ಭಾಷಣದಾಗೂ ಬರ್ತದ. ಆದ್ರ ಅದೇ ಕಾವ್ಯದ ನಾಲ್ಕನೇ ಆಶ್ವಾಸದ ಪಾನಗೋಷ್ಠಿ ಬಗ್ಗೆ ಭಾಷಣದವ್ರು ಬಾಯಿ ಬಿಡೂದಿಲ್ಲ. ಅರ್ಜುನ ರಾತ್ರಿ ದ್ವಾರಾವತಿಯ ಸೂಳೆಗೇರಿಯೊಳಗ ಅಡ್ಡಾಡ್ತಾನ. ಅಲ್ಲಿ ಮದ್ಯಕ್ಕೆ ಮೊದಲು ಪೂಜೆ, ಆಮೇಲೆ ಬೆಳ್ಳಿ-ಬಂಗಾರದ ಬಟ್ಟಲೊಳಗ ಕುಡಿತ. ಪಂಪ ಜೈನ ಮತದವನು, ಅಲ್ಲಿ ಮದ್ಯ ಮುಟ್ಟೋ ಹಂಗಿಲ್ಲ. ಆದ್ರೂ ಕಣ್ಣಾರೆ ಕಂಡವರ ಹಂಗ ಬರೆದಾನ. ಊರು ಪುರಾಣದ್ದಾದ್ರೂ ಬಟ್ಟಲು ಪಂಪನ ಕಾಲದ್ದೇ ಅಂತ ನನ್ನ ಅನಿಸಿಕೆ. ಬಂಗಾರದ ಬಟ್ಟಲು ನಮ್ಮ ಕೇರಿಯೊಳಗ ಎಲ್ಲಿತ್ರೀ?

ಇನ್ನು ಅರಮನೆ. ಪುಲಿಗೆರೆಯನ್ನೂ ಆಳಿದ ಕಲ್ಯಾಣದ ಚಾಲುಕ್ಯರಲ್ಲಿ ಮೂರನೇ ಸೋಮೇಶ್ವರ ಅಂತ ದೊರೆ. 1129ರ ಸುಮಾರಿಗೆ ‘ಮಾನಸೋಲ್ಲಾಸ’ ಅನ್ನೋ ಸಂಸ್ಕೃತ ಗ್ರಂಥ ಬರೆದ. ಅದರೊಳಗ ರಾಜನ ಆಟಗಳ ಪಟ್ಟಿ ಐತಿ. ಜಲಕ್ರೀಡೆ, ಚದುರಂಗ, ಪಗಡೆ, ಅವುಗಳ ಜೊತೀಗೇ ಮದಿರಾಪಾನ ಕ್ರೀಡೆ. ದೊರೆ ಕುಡಿದ್ರ ಅದು ಚಟ ಅಲ್ಲ, ಆಟ. ಅದಕ್ಕೊಂದು ಅಧ್ಯಾಯ ಬ್ಯಾರೆ.

ಕೆಲವು ದಶಕ ಕಳೆದ ಮೇಲೆ ಅದೇ ಕಲ್ಯಾಣದಾಗ ಬಸವಣ್ಣನವರ ಕಾಲದ ಒಬ್ಬ ಶರಣ ಹೆಂಡ ಮಾರಿ ಹೊಟ್ಟೆ ಹೊರಕೊಳ್ತಿದ್ದ. ಅವನ ಕಸುಬೇ ಅವನ ಹೆಸರಾತು: ಹೆಂಡದ ಮಾರಯ್ಯ. ಕುಡಿದ ದೊರೆಗೆ ಯಾರೂ ‘ಹೆಂಡದ ಸೋಮೇಶ್ವರ’ ಅನ್ನಲಿಲ್ಲ. ಮಾರಯ್ಯ ಮಾತ್ರ ನಾಚಿಕೊಳ್ಳಲಿಲ್ಲ. ಧರ್ಮೇಶ್ವರಲಿಂಗ ಅನ್ನೋ ಅಂಕಿತದಾಗ ವಚನ ಬರೆದ. ತನ್ನ ಹೆಂಡದ ಗಡಿಗೆ, ಗಿರಾಕಿ, ಅಮಲು, ಇವನ್ನೇ ಹಿಡಕೊಂಡು ಅರಿವಿನ ಮಾತಾಡಿದ. ಮಾದಾರ ಚೆನ್ನಯ್ಯ, ಡೋಹರ ಕಕ್ಕಯ್ಯ ಇದ್ದ ಸಾಲಿನೊಳಗ ಇವನೂ ನಿಂತಾನ. ನಮ್ಮ ಫ್ಲೆಕ್ಸ್‌ಗಳೊಳಗ ಮಾತ್ರ ಇವನ ಹೆಸರು ಕಾಣಸೂದು ಅಪರೂಪ.

ನಾನು ಕುಡಿತದ ಪರ ವಕಾಲತ್ತು ಮಾಡಾಕತ್ತಿಲ್ಲ. 1927ರಾಗ ಮಹಾಡದೊಳಗ ಬಾಬಾಸಾಹೇಬರು ಕುಡುಕ ಗಂಡ-ಮಕ್ಕಳಿಗೆ ಊಟ ಹಾಕಬ್ಯಾಡ್ರಿ ಅಂತ ನಮ್ಮ ತಾಯಂದಿರಿಗೆ ಹೇಳಿದ್ರು. ಆ ಮಾತು ನನಗೂ ಅನ್ವಯ, ನಿಮಗೂ ಅನ್ವಯ. ಆದ್ರ ನಮ್ಮನ್ನ ತಿದ್ದೋ ಹಕ್ಕು ಬಾಬಾಸಾಹೇಬರಿಗೆ ಐತಿ, ಮದಿರಾಪಾನ ಕ್ರೀಡೆಯ ವಾರಸುದಾರರಿಗೆ ಇಲ್ಲ.

ಪಂಪನೂ ಸೋಮೇಶ್ವರನೂ ಬಟ್ಟಲಿನ ಬಗ್ಗೆ ಬರೆದ್ರು, ಗಿಡ ಏರಿದವನ ಬಗ್ಗೆ ಅಲ್ಲ. ಸಿಂದಿ ಗಿಡದ ತಲೀಗೆ ಹತ್ತಿ, ಕೆತ್ತಿ, ಗಡಿಗೆ ಕಟ್ಟಿ, ಹೊತ್ತು ಏರಿ ಹುಳಿ ಆಗೋದ್ರೊಳಗ ಇಳಿಸಬೇಕು. ಕಾಲು ಜಾರಿದ್ರ ಜೀವ ಹೋಗ್ತದ. ಶಿರಹಟ್ಟಿ, ಮುಂಡರಗಿ ಕಡೆ ಆ ಕೆಲಸ ಮಾಡಿದ ಹಿರಿಯರು ನಿಮ್ಮ ಊರಾಗ ಇದ್ರ ಅವರ ಹತ್ರ ಕುಂತು ಹಗ್ಗ, ಕತ್ತಿ, ಗಡಿಗೆಯ ಹೆಸರುಗಳನ್ನ ಕೇಳಿ ಬರಕೊಳ್ರಿ. ನನಗೂ ಕಳಸ್ರಿ.